ಡೌನಿ ಔಷಧಿಗೆ ಬಗ್ಗದಿದ್ದರೆ

ಅಕ್ಟೋಬರ್ ಚಾಟ್ನಿ ಮುಗಿದು ಚಿಗುರೊಡೆದ ಹೊತ್ತಿಗೆ ಎರಡು ದಿನ ಮೋಡ ಕವಿದು ತುಂತುರು ಹಿಡಿದರೆ ದ್ರಾಕ್ಷಿ ಬೆಳೆಗಾರರಿಗೆ ನಿದ್ದೆಯಿಲ್ಲ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಮಗುಚಿದರೆ ಅಡಿಯಲ್ಲಿ ಬಿಳಿ ಬೂಜು. ಪುಸ್ತಕದಲ್ಲಿ ಇದು ಬೂಜು ತುಪ್ಪಟ ರೋಗ, ತೋಟದಲ್ಲಿ ಡೌನಿ. ಹಿಂದೆ ಕೇಳುತ್ತಿದ್ದ ಔಷಧಿ ಈಗ ಕೇಳದಿದ್ದರೆ ಮೊದಲ ಅನುಮಾನ ನಕಲಿ ಮಾಲಿನ ಮೇಲೆ. ಕೆಲವೊಮ್ಮೆ ಅದು ನಿಜವೇ. ಆದರೆ ಅಜಾಕ್ಸಿಸ್ಟ್ರೋಬಿನ್, ಪೈರಾಕ್ಲೋಸ್ಟ್ರೋಬಿನ್ ವಿಷಯದಲ್ಲಿ ರೋಗಾಣುವೇ ಬದಲಾಗಿರಬಹುದು.

ಈ ಔಷಧಿಗಳು ರೋಗಾಣುವಿನ ಉಸಿರು ಕಟ್ಟಿಸುತ್ತವೆ. ಜೀವಕೋಶದಲ್ಲಿ ಎಲೆಕ್ಟ್ರಾನುಗಳು, ಸಾಲಾಗಿ ನಿಂತ ಆಳುಗಳು ಇಟ್ಟಿಗೆ ದಾಟಿಸಿದಂತೆ, ಕೈಯಿಂದ ಕೈಗೆ ಸಾಗಿ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಶಕ್ತಿ ಹುಟ್ಟುವುದು ಈ ಸಾಗಾಟದಿಂದಲೇ. ಆ ಸಾಲಿನ ಮುಖ್ಯ ಆಳುಗಳು ಸೈಟೋಕ್ರೋಮ್ ಎಂಬ ಪ್ರೋಟೀನುಗಳು; 1925ರಲ್ಲಿ ವಿಜ್ಞಾನಿ ಡೇವಿಡ್ ಕೀಲಿನ್ ಇಟ್ಟ ಹೆಸರು. ನಮ್ಮ ರಕ್ತವನ್ನು ಕೆಂಪಾಗಿಸುವ ಹೀಮ್ ಇವುಗಳಲ್ಲೂ ಇದೆ. ರಕ್ತದಲ್ಲಿ ಹೀಮ್‌ನ ಕಬ್ಬಿಣ ಆಮ್ಲಜನಕ ಹೊರುತ್ತದೆ, ಇಲ್ಲಿ ಎಲೆಕ್ಟ್ರಾನ್ ಹಿಡಿದು ಮುಂದಕ್ಕೆ ಕೊಡುತ್ತದೆ. ಸ್ಟ್ರೋಬಿನ್ ಔಷಧಿ ಸೈಟೋಕ್ರೋಮ್ ‘ಬಿ’ಯ ಒಂದು ಸಂದಿಯಲ್ಲಿ ಬೆಣೆಯಂತೆ ಕೂತರೆ ಸಾಲೇ ನಿಂತುಹೋಗುತ್ತದೆ.

ರೋಗಾಣು ಮಾಡಿಕೊಂಡ ಬದಲಾವಣೆ ಎಷ್ಟು ಸಣ್ಣದು ನೋಡಿ: ಈ ಪ್ರೋಟೀನಿನ 143ನೇ ಜಾಗದಲ್ಲಿ ಗ್ಲೈಸಿನ್ ಬದಲು ಅಲನಿನ್. ಅಲನಿನ್ ಚೂರು ದಪ್ಪ, ಅಷ್ಟಕ್ಕೇ ಬೆಣೆ ಕೂರುವುದಿಲ್ಲ. ಎಲೆಕ್ಟ್ರಾನ್ ಸಾಗಾಟ ಮಾತ್ರ ನಡೆದೇ ಇರುತ್ತದೆ. 1996ರಲ್ಲಿ ಮಾರುಕಟ್ಟೆಗೆ ಬಂದ ಈ ಗುಂಪಿಗೆ ಕೆಲವೇ ವರ್ಷಗಳಲ್ಲಿ ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ಹೀಗಾಯಿತು. ಹೀಗೆ ಬದಲಾದ ರೋಗಾಣುವಿಗೆ ಡೋಸ್ ಏರಿಸಿದರೆ ದುಡ್ಡು ದಂಡ, ಉಳಿಯುವುದೂ ಅದರ ಸಂತತಿಯೇ.

ಆದ್ದರಿಂದ ಡಬ್ಬಿಯ ದೊಡ್ಡಕ್ಷರದ ಹೆಸರು ಬಿಟ್ಟು ಸಣ್ಣಕ್ಷರದ ತಾಂತ್ರಿಕ ಹೆಸರು ಓದಿ. ‘ಸ್ಟ್ರೋಬಿನ್’ ಎಂದು ಮುಗಿಯುವುದೆಲ್ಲ ಒಂದೇ ಗುಂಪು. ಕ್ರೆಸಾಕ್ಸಿಮ್ ಮಿಥೈಲ್, ಫೆಮಾಕ್ಸಡೋನ್, ಫೆನಾಮಿಡೋನ್ ಹೆಸರಲ್ಲಿ ಬೇರೆ, ಕೂರುವ ಸಂದಿ ಅದೇ. ಅಂಗಡಿಯಲ್ಲಿ ಬ್ರಾಂಡ್ ಬದಲಿಸಿದರೆ ಗುಂಪು ಬದಲಾಗುವುದಿಲ್ಲ. ಸಯಾಜೋಫಾಮಿಡ್ ಇದೇ ಪ್ರೋಟೀನಿನ ಇನ್ನೊಂದು ಸಂದಿ ಹಿಡಿಯುವುದರಿಂದ 143ರ ಬದಲಾವಣೆ ಅದನ್ನು ತಡೆಯದು.

ಸ್ಟ್ರೋಬಿನ್ ಗುಂಪನ್ನು ಬೆನ್ನುಬೆನ್ನಿಗೆ ಹೊಡೆಯಬೇಡಿ, ಒಂಟಿಯಾಗಿಯೂ ಬೇಡ. ಮ್ಯಾಂಕೋಜೆಬ್‌ನಂಥ ಬೇರೆ ಗುಂಪಿನ ಔಷಧಿ ಜೊತೆಗಿರಲಿ. ಬೂಜು ಕಂಡ ಮೇಲೆ ಹೊಡೆದರೆ ತಡವಾಯಿತೆಂದೇ ಲೆಕ್ಕ: ಎಲೆಯ ತೇವದಲ್ಲಿ ಈಜಿ ಬರುವ ಬೀಜಾಣುವಿಗೆ ಶಕ್ತಿ ಬೇಕೇಬೇಕು, ಈ ಔಷಧಿ ಹೆಚ್ಚು ತಟ್ಟುವುದು ಆಗಲೇ. ಪ್ರತಿ ಸಿಂಪರಣೆಯ ತಾರೀಖಿನ ಪಕ್ಕದಲ್ಲಿ ತಾಂತ್ರಿಕ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಮುಂದಿನ ಡಬ್ಬಿ ಕೊಳ್ಳಲು ಹೋಗುವಾಗ ಆ ಪುಸ್ತಕ ಜೇಬಿನಲ್ಲಿರಲಿ.