ಜೋಳಿಗೆಗೆ ಹಾಕಿದ ಚಟ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ಹಣವಾಗಲಿ, ರಾಣೆಬೆನ್ನೂರಿನ ಹಮಾಲನ ಕೂಲಿಯಾಗಲಿ, ಹಾವೇರಿಯ ನೌಕರನ ಸಂಬಳವಾಗಲಿ ಮನೆ ಸೇರುವ ಮುನ್ನ ಮದ್ಯದಂಗಡಿ ಸೇರಿದರೆ, ಬೇನೆಯು ಕುಡಿದವನೊಬ್ಬನದಲ್ಲ. ಮಡದಿ ಪೆಟ್ಟು ತಿನ್ನುವಳು. ಮಕ್ಕಳು ಶಾಲೆ ಬಿಡುವರು.

ಇಂಥ ಮನೆಗಳ ದುಃಖವನ್ನರಿತ ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಧಾನ್ಯವನ್ನಲ್ಲ, ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1 ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿದೆ.

ಆದರೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೇ ಕಠಿಣ. ಬಹುಕಾಲ ಕುಡಿದವನು ಒಮ್ಮೆಲೇ ಬಿಟ್ಟಾಗ ಕೈ ನಡುಗುತ್ತದೆ, ನಿದ್ರೆ ಹಾರುತ್ತದೆ. ಕೆಲವರಿಗೆ ಅಪಸ್ಮಾರದಂಥ ಸೆಳೆತವೂ ಬರುವುದುಂಟು. ಆಗ ವೈದ್ಯರೇ ಬೇಕು. ಇದನ್ನು ಹಠವೆಂದು ಬಗೆಯುವುದು ತಪ್ಪು. ಆಪ್ತಸಲಹೆಗಾರರು ಮನೆಯವರನ್ನೂ ಕೂರಿಸಿಕೊಂಡು ಹೇಳುವರು: ಮರಳಿ ಕುಡಿದರೆ ಹಂಗಿಸಬೇಡಿ, ಅವನ ಸಾಲವನ್ನು ತೀರಿಸುತ್ತಲೂ ಹೋಗಬೇಡಿ, ಕೈಮಾಡಿದರೆ ಸಹಿಸಬೇಡಿ. ಪೆಟ್ಟು ತಿಂದ ಮಡದಿಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಕೊಟ್ಟಿದೆ.