ಬೀದಿಯೂ ಅಂಗಳವೇ

ಹೊಸ್ತಿಲು ದಾಟಿದ ಮಗುವಿಗೆ ಮೊದಲು ಎದುರಾಗುವ ಲೋಕವೆಂದರೆ ಬೀದಿ. ನೆದರ್ಲೆಂಡ್ಸ್ ದೇಶದಲ್ಲಿ ಆ ಲೋಕವನ್ನು ಮೋಟಾರು ವಾಹನಗಳು ಆಕ್ರಮಿಸಿಕೊಂಡಿದ್ದ ಕಾಲವೊಂದಿತ್ತು. 1971ರ ಒಂದೇ ವರ್ಷದಲ್ಲಿ ಅಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದ ಮಕ್ಕಳ ಸಂಖ್ಯೆ 400ನ್ನು ಮೀರಿತ್ತು. ತಾಯಿತಂದೆಯರು ಬೀದಿಗಿಳಿದು ಪ್ರತಿಭಟಿಸಿದರು. 1972ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಒಂದು ಬಡಾವಣೆಯ ಮಕ್ಕಳು ತಾವೇ ರಸ್ತೆಗೆ ಅಡ್ಡಗಟ್ಟಿ, ಆಡಲು ಜಾಗ ಬೇಕೆಂದು ಕೇಳಿದರು.

ಡೆಲ್ಫ್ಟ್ ನಗರದಲ್ಲಿ ಆ ವೇಳೆಗಾಗಲೇ ಒಂದು ಪ್ರಯೋಗ ನಡೆದಿತ್ತು. ನಿಧಾನವಾಗಿ ಚಲಿಸಿರೆಂಬ ಫಲಕವನ್ನು ಓದುವವರೆಷ್ಟು, ಪಾಲಿಸುವವರೆಷ್ಟು! ಆದುದರಿಂದ ಅಲ್ಲಿನವರು ಬೀದಿಯ ರೂಪವನ್ನೇ ಬದಲಿಸಿದರು. ಕಾಲುದಾರಿಗೂ ರಸ್ತೆಗೂ ನಡುವಣ ಅಂಚುಕಲ್ಲುಗಳನ್ನು ತೆಗೆದು ನೆಲವನ್ನು ಸಮಗೊಳಿಸಿದರು. ನೇರವಾದ ದಾರಿಯನ್ನು ಬೇಕೆಂದೇ ಬಳುಕಿಸಿ, ನಡುನಡುವೆ ಮರಗಳನ್ನು ನೆಟ್ಟರು. ಮುಂದಿನ ತಿರುವಿನಾಚೆ ಏನಿದೆಯೋ ಕಾಣದ ಚಾಲಕನು ತಾನಾಗಿಯೇ ವೇಗವನ್ನು ಇಳಿಸುತ್ತಾನೆ.

ಇಂತಹ ಬೀದಿಗೆ ‘ವೂನೆರ್ಫ್’ ಎಂದು ಹೆಸರು. ವಾಸದ ಅಂಗಳವೆಂದು ಅರ್ಥ. ಬಾಗಿಲ ಮುಂದಿನ ಬೀದಿಗೂ ನೀರು ಚಿಮುಕಿಸಿ ರಂಗವಲ್ಲಿಯಿಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಹೆಸರು ಹೊಸತೆನಿಸುತ್ತಿರಲಿಲ್ಲ. 1976ರಲ್ಲಿ ಇದಕ್ಕೆ ಕಾನೂನಿನ ಮನ್ನಣೆಯೂ ದೊರೆಯಿತು. ನಡೆಯುವವರಿಗೂ ಆಡುವ ಮಕ್ಕಳಿಗೂ ಅಲ್ಲಿ ಬೀದಿಯ ಪೂರ್ಣ ಅಗಲದ ಮೇಲೆ ಹಕ್ಕುಂಟು. ವಾಹನಗಳು ಕಾಲ್ನಡಿಗೆಯ ವೇಗದಲ್ಲಿ ಸಾಗಬೇಕೆಂಬುದು ಆಗಿನ ನಿಯಮವಾಗಿತ್ತು. ಬೈಸಿಕಲ್ ಏರಿದವನಿಗೆ ಹಿಂದಿನಿಂದ ಕಾರು ಬಂದೆರಗೀತೆಂಬ ಭಯ ಅಲ್ಲಿ ಕಡಮೆ. ಆದರೆ ಚೆಂಡಿನ ಹಿಂದೆ ಓಡುವ ಮಗುವಿಗಾಗಿ ಅವನೂ ನಿಧಾನಿಸಲೇಬೇಕು.