ಲಾರಿಯ ತಳ ತುಕ್ಕು ಹಿಡಿಯದಿರಲು ಏಳು ಸೂತ್ರಗಳು

ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮೇಲಿನ ಮಂಜುಗಡ್ಡೆ ಕರಗಲೆಂದು ಉಪ್ಪು ಚೆಲ್ಲುತ್ತಾರೆ. ಅಲ್ಲಿನ ಲಾರಿಗಳ ತಳವನ್ನು ತಿನ್ನುವುದು ಆ ಉಪ್ಪುನೀರೇ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಲಾರಿಗಳಿಗೆ ಹಿಮದ ಕಾಟವಿಲ್ಲ. ನಮ್ಮಲ್ಲಿ ಉಪ್ಪು ಬರುವುದು ಲೋಡಿನ ಜೊತೆ.

1. ಯಾವ ಲೋಡು ತಿನ್ನುತ್ತದೆ ಎಂದು ತಿಳಿದಿರಿ. ಮೆಣಸಿನಕಾಯಿ, ಗೋವಿನಜೋಳ ತಳಕ್ಕೆ ಕೆಡುಕು ಮಾಡುವುದಿಲ್ಲ. ಮೀನಿನ ಲೋಡಿನಿಂದ ಸೋರುವ ನೀರು ಹಲಗೆಯ ಸಂದಿಯಲ್ಲಿ ಇಳಿದು ಚಾಸಿಗೆ ಮೆತ್ತುತ್ತದೆ. ಸಾಣಿಕಟ್ಟೆಯ ಉಪ್ಪಿನ ಲೋಡೂ ಹಾಗೆಯೇ. ಆದರೆ ಹೆಚ್ಚಿನವರು ಮರೆಯುವುದು ಗೊಬ್ಬರವನ್ನು. ಎಂಒಪಿ ಚೀಲದಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಲವಣವೇ. ಒಡೆದ ಚೀಲದಿಂದ ಉದುರಿದ ಪುಡಿ ಮಳೆಗಾಲದ ತೇವ ಹೀರಿ, ಬಣ್ಣ ಎದ್ದಲ್ಲೆಲ್ಲ ಕಬ್ಬಿಣ ಕೊರೆಯುತ್ತದೆ.

2. ಇಳಿಸಿದ ದಿನವೇ ತೊಳೆಸಿ. ಈ ಏಳರಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಗೊಬ್ಬರದ ಲೋಡಾದರೆ ಮೊದಲು ಒಣಗಿದ್ದಾಗಲೇ ಗುಡಿಸಿ, ಆಮೇಲೆ ನೀರು ಬಿಡಿ. ಹೊರಗಿನ ಬಾಡಿ ಮಿನುಗಿದರೆ ಸಾಲದು. ಪಾಟಾಗಳ ನಡುವೆ, ಕ್ರಾಸ್ ಮೆಂಬರ್ ಕೂಡುವ ಮೂಲೆಗಳಲ್ಲಿ, ಮಡ್‌ಗಾರ್ಡಿನ ಒಳಬದಿಯಲ್ಲಿ ಪೈಪು ಹಿಡಿಸಿ. ಡ್ರೈವರಣ್ಣ ಒಮ್ಮೆ ಬಗ್ಗಿ ನೋಡಿದ ಮೇಲೆಯೇ ಗಾಡಿ ಹೊರಡಲಿ.

3. ಸವುಳು ನೀರು ಬೇಡ. ಬೋರಿನ ನೀರು ಉಪ್ಪಾಗಿದ್ದರೆ ಕೊನೆಯ ಸುತ್ತಿಗಾದರೂ ಸಿಹಿನೀರು ಬಳಸಿ. ಹಾಗೆಂದು ವರದಾ, ತುಂಗಭದ್ರೆಗೆ ಲಾರಿ ಇಳಿಸಬೇಡಿ. ಕುಡಿಯುವ ನೀರಿಗೆ ಆಯಿಲು, ಗೊಬ್ಬರ ಸೇರಬಾರದು.

4. ಎರೆಮಣ್ಣು ಕೆರೆದು ತೆಗೆಯಿರಿ. ಹೊಲದ ದಾರಿಯಲ್ಲಿ ಮೆತ್ತಿದ ಕಪ್ಪುಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಬಹಳ ದಿನ ಹಸಿ ಹಿಡಿದಿರುತ್ತದೆ.

5. ಬಣ್ಣ ಬೇಸಿಗೆಯಲ್ಲೇ ಆಗಲಿ. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಸೀಸನ್ ಇಳಿದ ಮೇಲೆ, ಮುಂಗಾರು ಹತ್ತುವ ಮುಂಚೆ, ಗಾಡಿಗೆ ಒಂದೆರಡು ದಿನ ಬಿಡುವು ಕೊಡಿ. ತಂತಿಬ್ರಶ್‌ನಲ್ಲಿ ತುಕ್ಕು ಉಜ್ಜಿ, ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ. ಆಮೇಲೆ ಪ್ರೈಮರ್, ಅದರ ಮೇಲೆ ಅಂಡರ್‌ಬಾಡಿ ಕೋಟಿಂಗ್. ತುಕ್ಕಿನ ಮೇಲೆಯೇ ಬಳಿದರೆ ತೇವ ಒಳಗೇ ಉಳಿದು, ಹೊರಗೆ ಕಾಣದಂತೆ ಕಬ್ಬಿಣ ಸವೆಯುತ್ತದೆ. ನೀರು ಇಳಿಯುವ ತೂತುಗಳು ಮುಚ್ಚದಿರಲಿ. ಬ್ರೇಕ್ ಡ್ರಮ್, ಸೈಲೆನ್ಸರ್, ರಬ್ಬರ್ ಬುಷ್‌ಗಳಿಗೆ ಕೋಟಿಂಗ್ ತಾಗಬಾರದು.

6. ಹಳೇ ಎಂಜಿನ್ ಆಯಿಲ್ ಹೊಡೆಸಬೇಡಿ. ಇದು ಅಗ್ಗದ ಉಪಾಯವೆಂದು ಹಲವರು ನಂಬಿದ್ದಾರೆ, ನಾನು ಒಪ್ಪುವುದಿಲ್ಲ. ಅದು ರಬ್ಬರನ್ನು ಉಬ್ಬಿಸುತ್ತದೆ, ಬ್ರೇಕ್ ಲೈನರಿಗೆ ತಾಗಿದರೆ ಹಿಡಿತ ತಪ್ಪುತ್ತದೆ, ಮಳೆಗೆ ತೊಳೆದುಹೋಗಿ ನೆಲ ಕೆಡಿಸುತ್ತದೆ.

7. ಏರ್ ಟ್ಯಾಂಕಿನ ನೀರನ್ನು ದಿನಾ ಬಿಡಿ. ಒತ್ತಿದ ಗಾಳಿಯ ತೇವ ತಳದಲ್ಲಿ ನಿಂತು ಟ್ಯಾಂಕನ್ನು ಒಳಗಿನಿಂದಲೇ ತಿನ್ನುತ್ತದೆ.

ಲಾರಿಗೆ ಎಂಟು ವರ್ಷ ಆಗುವವರೆಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ತುಕ್ಕು ಅಷ್ಟು ದಿನ ಕಾಯುವುದಿಲ್ಲ. ಬ್ರೇಕ್ ಪೈಪ್ ತುಕ್ಕು ತಿಂದಿದ್ದು ಕಂಡರೆ ಬಣ್ಣ ಬಳಿದು ಮುಚ್ಚಬೇಡಿ. ಪೈಪು ಬದಲಿಸಿ, ಆಮೇಲೆಯೇ ದೇವಿಮನೆ ಘಟ್ಟ ಇಳಿಸಿ.